ಬಂದವರಿಗೆ ನೀರು

ನೌಬಾದ, ಬೀದರ
೨೨ ಡಿಸೆಂಬರ್ ೨೦೨೫, ಸೋಮವಾರ ಮಧ್ಯಾಹ್ನ

ಪ್ರೀತಿಯ ವಿಶಾಖಾ,

ಜೈಭೀಮ. ನಾನೂ ಮಾಯಾಳೂ ಇಲ್ಲಿ ಆರಾಮ ಇದ್ದೇವೆ. ನೀನು ಅಲ್ಲಿ ಮೊಣಕಾಲಿಗೆ ದಿನಾ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀ ಎಂದು ತಿಳಿದುಕೊಂಡು ಮುಂದೆ ಬರೆಯುತ್ತೇನೆ. ಹಚ್ಚಿಕೊಳ್ಳುತ್ತಿರಲಿಕ್ಕಿಲ್ಲ, ಅದೂ ಗೊತ್ತು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ನಾನು ಪೆನ್ನು ಹಿಡಿದರೆ ಸಾಕು, ನಿನ್ನ ಮಗಳಿಗೂ ಅದೇ ಪೆನ್ನು ಬೇಕು, ಅದೇ ಹಾಳೆ ಬೇಕು, ಕೂಡಲಿಕ್ಕೆ ನನ್ನ ತೊಡೆಯೇ ಬೇಕು. ಈ ಹಾಳೆಯ ಮೂಲೆಯಲ್ಲಿ ಕಾಣುವ ಗೀಚು ಅವಳದು. ಅದು ಕೋಳಿಯಂತೆ. ಕಾಲು ಎಲ್ಲಿ ಎಂದು ಕೇಳಿದೆ. ಕೋಳಿ ಕೂತಿದೆ, ಕಾಲು ಕಾಣುವುದಿಲ್ಲ ಎಂದಳು. ಈಗ ಉಂಡು ಮಲಗಿದ್ದಾಳೆ, ಏಳುವುದರೊಳಗೆ ಇದನ್ನು ಮುಗಿಸಬೇಕು.

ನಿನ್ನೆ ಐತವಾರ ಫೋನಿನಲ್ಲೇ ಎಲ್ಲ ಹೇಳಿಬಿಡೋಣ ಎಂದಿದ್ದೆ. ಆದರೆ ನಿಮ್ಮ ಪೊಲೀಸ್ ತರಬೇತಿಯವರು ವಾರಕ್ಕೊಮ್ಮೆ ಫೋನು ಕೈಗೆ ಕೊಡುವುದೇ ಒಂದಿಷ್ಟು ಹೊತ್ತು. ಆ ಹೊತ್ತಿನಲ್ಲಿ ನಿನ್ನ ಹಿಂದೆ ನೂರು ಹುಡುಗಿಯರ ಗದ್ದಲ, ಇಲ್ಲಿ ಇವಳು ನನ್ನ ಕೈಯಿಂದ ಫೋನು ಜಗ್ಗುತ್ತಾಳೆ. ಪತ್ರ ಮುಟ್ಟಿತೇ ಎಂದು ನೀನು ಕೇಳಿದೆ, ಮುಟ್ಟಿದೆ, ಬರೆಯುತ್ತೇನೆ ಎಂದೆ ನಾನು. ಅಷ್ಟಕ್ಕೇ ಹೊತ್ತಾಯಿತು. ಆ ಮಾತು ಕೇಳುವಾಗ ನಿನ್ನ ದನಿ ಹೇಗಿತ್ತು ಎಂಬುದು ನನಗೆ ತಿಳಿಯದ್ದೇನಲ್ಲ.

ಅದಕ್ಕೇ ಮೊದಲು ನಿನ್ನ ಪ್ರಶ್ನೆಗೆ ಉತ್ತರ. ದೀಪಾವಳಿಯ ರಜೆಯಲ್ಲಿ ನೀನು ಮನೆಗೆ ಬಂದಾಗ ಮಾಯಾ ಓಡಿಬಂದು ನಿನ್ನ ಕೊರಳಿಗೆ ಬೀಳಲಿಲ್ಲ. ನಿನ್ನನ್ನು ಒಂದು ಸಲ ನೋಡಿದಳು, ಒಳಗೆ ಹೋದಳು, ಸಣ್ಣ ಗಿಲಾಸಿನಲ್ಲಿ ನೀರು ತಂದುಕೊಟ್ಟಳು. ನೀನು ನಕ್ಕು ಕುಡಿದೆ. ಈಗ ಬರೆಯುತ್ತೀ: "ಬೀಗರಿಗೆ ಕೊಟ್ಟಂಗ ಕೊಟ್ಟಾಳ್ರಿ. ನನ್ನ ಮಗಳು ನನ್ನ ಮರ್ತಾಳ. ನೀವು ಒಂದ ಮಾತು ಹೂಂ ಅನ್ರಿ, ಇದೆಲ್ಲಾ ಬಿಟ್ಟು ಬರ್ತೇನಿ."

ವಿಶಾಖಾ, ನಾನು ಹೂಂ ಅನ್ನುವುದಿಲ್ಲ. ಆ ನೀರು ನಾನು ಕಲಿಸಿದ ಪಾಠ. ನಮ್ಮ ಮನೆಶಾಲೆಯಲ್ಲಿ ಅ ಆ ಇ ಈ ಇನ್ನೂ ದೂರ ಇದೆ. ಹೊರಗಿನಿಂದ ಬಂದವರಿಗೆ ಮೊದಲು ನೀರು, ಆಮೇಲೆ ಮಾತು, ಇದೇ ಮೊದಲ ಪಾಠ. ಗ್ಯಾಸ್ ತರುವವನಿಗೂ ಕೊಡುತ್ತಾಳೆ, ಕರೆಂಟ್ ಬಿಲ್ಲಿನವನಿಗೂ ಕೊಡುತ್ತಾಳೆ. ಕಾಯಿಪಲ್ಲೆ ತೆಗೆದುಕೊಂಡು ನಾನು ಒಳಗೆ ಬಂದರೆ ನನಗೂ ಕೊಡುತ್ತಾಳೆ. ಅದರಲ್ಲಿ ಮರೆವು ಗಿರೆವು ಏನೂ ಇಲ್ಲ, ನೀನು ಸುಮ್ಮನೆ ಹುಡುಕಬೇಡ.

ಹೆರಿಗೆಯಾದ ಮೇಲೆ ನೀನು ಇಲ್ಲಿಯ ಮೈದಾನದಲ್ಲಿ ಓಡುತ್ತಿದ್ದದ್ದು ನೆನಪಿದೆಯೇ? ನಾನು ಇವಳನ್ನು ಟಾವೆಲ್ಲಿನಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ನೀನು ಸುತ್ತು ಹಾಕಿ ಬಂದು, ಕುಪ್ಪಸ ಒದ್ದೆಯಾಗಿ, ಅತ್ತು, ಕೂಸಿಗೆ ಹಾಲು ಕುಡಿಸಿ ಮತ್ತೆ ಓಡುತ್ತಿದ್ದೆ. ಒಮ್ಮೆ ಓಟದಲ್ಲಿ ಹೋಯಿತು, ಮತ್ತೊಮ್ಮೆ ಪರೀಕ್ಷೆಯಲ್ಲಿ ಹೋಯಿತು. ಕೊನೆಗೆ ಪೊಲೀಸ್ ಕೆಲಸಕ್ಕೆ ಆಯ್ಕೆಯಾದಾಗ ಖಟಕ ಚಿಂಚೋಳಿಯಲ್ಲಿ ನಿಮ್ಮವ್ವ ಓಣಿಗೆಲ್ಲ ಪೇಢೆ ಹಂಚಿದರು. ನಮ್ಮ ಎರಡೂ ಕಡೆಯವರಲ್ಲಿ ಖಾಕಿ ಹಾಕಿದ ಹೆಣ್ಣುಮಗಳು ಮತ್ತೊಬ್ಬಳಿಲ್ಲ. ಭಾಲ್ಕಿಯ ಶಾಲೆಯ ಕೆಲಸ ನಾನು ಬಿಟ್ಟದ್ದು ಯಾರ ಬಲವಂತಕ್ಕೂ ಅಲ್ಲ. ಇಬ್ಬರೂ ಕೂತು ಮಾತಾಡಿಯೇ ಬಿಟ್ಟದ್ದು. ಹೋಳಿ ಹುಣ್ಣಿಮೆಯ ಹೊತ್ತಿಗೆ ನಿಮ್ಮ ತರಬೇತಿಯ ಕೊನೆಯ ಪರೇಡ್ ಮುಗಿಯುತ್ತದೆ. ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಇರು.

ಇನ್ನು ಶಾಲೆಯ ಸುದ್ದಿ. ಅಂಗನವಾಡಿಗೆ ಹಾಕಬಾರದೇನು ಎಂದು ಕಂಡವರೆಲ್ಲ ಕೇಳುತ್ತಾರೆ. ನೀನು ಹೋದ ಹೊಸದರಲ್ಲಿ ಹಾಕಿ ನೋಡಿದ್ದು ನಿನಗೆ ಗೊತ್ತೇ ಇದೆ. ಬಾಗಿಲಲ್ಲಿ ಬಿಟ್ಟು ಹೋದವರು ತಿರುಗಿ ಬರುವುದಿಲ್ಲ ಎಂದು ಆಗ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಚೀರಿ ಚೀರಿ ಜ್ವರ ಬಂತು. ಮಾಸ್ತರನೇ ಮನೆಯಲ್ಲಿರುವಾಗ ಕೂಸನ್ನು ಅಳಿಸುವುದೇಕೆ ಎಂದು ಕರೆದುಕೊಂಡು ಬಂದೆ. ಈಗ ಮುಂಜಾನೆ ರೊಟ್ಟಿ ಆದ ಮೇಲೆ ನಮ್ಮ ಶಾಲೆ. ನಾನು ಹಾಜರಿ ಕೂಗುತ್ತೇನೆ. "ಮಹಾಮಾಯಾ" ಎಂದರೆ "ಹಾಜರ್ ಸರ್" ಎನ್ನುತ್ತಾಳೆ. ಆಮೇಲೆ ಅವಳು ನನ್ನ ಹಾಜರಿ ಕೂಗುತ್ತಾಳೆ, ನಾನೂ ಎದ್ದು ನಿಂತು ಹಾಜರ್ ಎನ್ನಬೇಕು. ಕೊನೆಗೆ ಇಬ್ಬರೂ ಕೂಡಿ ಅವ್ವನ ಹೆಸರು ಕೂಗುತ್ತೇವೆ, ಅವಳೇ ಉತ್ತರ ಕೊಡುತ್ತಾಳೆ: "ರಜಾದಾಗ ಅದಾಳ." ನೋಡು, ಮರೆತಿದ್ದರೆ ದಿನಾ ಹಾಜರಿಯಲ್ಲಿ ನಿನ್ನ ಹೆಸರು ಬರುತ್ತಿತ್ತೇನು?

ಮಿಕ್ಕ ಪಾಠವೆಲ್ಲ ಅಡುಗೆಮನೆಯಲ್ಲೇ. ತೊಗರಿಬೇಳೆ, ಕಡಲೆಬೇಳೆ, ಹೆಸರು ಮೂರನ್ನೂ ಕಲಸಿ ಕೊಟ್ಟರೆ ಬೇರೆ ಬೇರೆ ಮಾಡಿ ಇಡುತ್ತಾಳೆ, ಒಂದೊಂದನ್ನು ಮೂಗಿನಲ್ಲೂ ಇಡುತ್ತಾಳೆ. ಮೇಲೆ ವಾಯುಪಡೆಯ ತರಬೇತಿ ವಿಮಾನ ಹೋದರೆ ಅಂಗಳಕ್ಕೆ ಓಡಿ ಸೆಲ್ಯೂಟ್ ಹೊಡೆಯುತ್ತಾಳೆ, ನೀನು ಹೇಳಿಕೊಟ್ಟ ಹಾಗೆಯೇ, ಆದರೆ ಎಡಗೈಯಿಂದ. ಸಂಜೆ ಬಾಬಾಸಾಹೇಬರ ಫೋಟೋದ ಮುಂದೆ ಬುದ್ಧವಂದನೆಗೆ ಕೂತರೆ "ಸರಣಂ ಗಚ್ಛಾಮಿ" ಮಾತ್ರ ಗಟ್ಟಿಯಾಗಿ ಬರುತ್ತದೆ, ಅದರ ಮೊದಲಿನದೆಲ್ಲ ನನ್ನ ಪಾಲು. ಕಾಯಿಪಲ್ಲೆಯ ಗಾಡಿಯ ಶಮೀಮ ಆಪಾ ಅವಳ ಎರಡನೇ ಮಾಸ್ತರ. ಗಾಡಿಯ ಮೇಲೆ ಕೂರಿಸಿಕೊಂಡು ಒಂದೊಂದನ್ನೇ ಎತ್ತಿ ತೋರಿಸುತ್ತಾಳೆ, ಇವಳು ಹೆಸರು ಹೇಳುತ್ತಾಳೆ. ಬದನೆಕಾಯಿಗೆ ಒಮ್ಮೊಮ್ಮೆ ಬೈಂಗನ್ ಎಂದೂ ಹೇಳುತ್ತಾಳೆ. ಹೇಳಲಿ ಬಿಡು.

ನನ್ನ ಸುದ್ದಿ ಕೇಳಿದ್ದೀ. ನನ್ನದೇನು ಸುದ್ದಿ? ಇಡೀ ದಿನ ಮೂರಕ್ಕೆ ಬಿದ್ದ ಹುಡುಗಿಯ ಜೊತೆ ಮಾತಾಡಿ ಮಾತಾಡಿ ದೊಡ್ಡವರ ಮಾತೇ ಮರೆತಿದೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹಳೆಯ ಹೆಡ್‌ಮಾಸ್ತರ್ ನಂದಕುಮಾರ ಸರ್ ಸಿಕ್ಕರು. ಚಹಾ ಕುಡಿಯೋಣ ಎಂದು ಹೋಟೆಲಿಗೆ ಕರೆದರು. ಹೋಗಿ ಕೂತ ಕೂಡಲೇ ನಾನು ಅವರಿಗೆ "ಕೈ ತೊಳ್ಕೊಂಡ್ರೇನು?" ಎಂದು ಕೇಳಿಬಿಟ್ಟೆ. ಪಾಪ, ಅವರು ಎದ್ದು ಹೋಗಿ ತೊಳೆದುಕೊಂಡೇ ಬಂದರು. ನೀನು ನಗುತ್ತೀ ಎಂದು ಬರೆದೆ. ನನಗೆ ಮಾತ್ರ ಅಂದು ಮನೆಗೆ ಬರುವಾಗ ಬಹಳ ಕೆಟ್ಟದೆನಿಸಿತು. ಅವರ ಜೊತೆ ಮಾತಾಡಲಿಕ್ಕೆ ಎಷ್ಟೋ ಇತ್ತು, ಒಂದೂ ನೆನಪಾಗಲಿಲ್ಲ.

ಎದುರುಮನೆಯ ಕೇಶರಬಾಯಿಯ ಕಟ್ಟೆಯ ಮೇಲೆ ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳೆಲ್ಲ ಬೇಳೆ ಹಸನು ಮಾಡುತ್ತ ಕೂಡುತ್ತಾರೆ. ನೀನಿದ್ದಾಗ ಅಲ್ಲಿಂದ ಎಷ್ಟು ನಗು ಕೇಳಿಸುತ್ತಿತ್ತು! ಈಗ ಮಾಯಾಳನ್ನು ಕರೆದುಕೊಂಡು ನಾನು ಹೋದರೆ ಸೆರಗು ಸರಿಮಾಡಿಕೊಂಡು ಎಲ್ಲರೂ ಗಪ್ಪಾಗುತ್ತಾರೆ. ಇವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ, ನಾನು ಇವಳ ಚಪ್ಪಲಿ ಹಿಡಿದುಕೊಂಡು ಕೆಳಗೆ ನಿಲ್ಲುತ್ತೇನೆ. ಅವರದೇನೂ ತಪ್ಪಿಲ್ಲ. ಆ ಕಡೆ ಓಣಿಯ ಹೋಟೆಲಿನಲ್ಲಿ ಗಂಡಸರ ಹತ್ತಿರ ಹೋದರೆ "ಏನ್ ಮಾಸ್ತರ, ಇವತ್ತ ಏನ್ ಅಡಗಿ?" ಎಂದು ಶುರು. ಬದನೆಕಾಯಿ ಎಂದರೆ ಒಂದು ನಗು, ಸೊಪ್ಪು ಎಂದರೆ ಇನ್ನೊಂದು ನಗು. ಒಂದು ದಿನ ಸಿಟ್ಟು ಬಂದು, ನಿಮ್ಮ ಮನೆಯಲ್ಲಿ ಏನಾಗಿದೆ ಎಂಬುದು ನಿಮಗೆ ಗೊತ್ತಿದ್ದರೆ ಹೇಳಿ ಎಂದೆ. ಅಂದಿನಿಂದ ನನಗೆ ಆ ಹೋಟೆಲೂ ಬಂದ್ ಆಗಿದೆ.

ಇರಲಿ. ಎಳ್ಳ ಅಮಾವಾಸ್ಯೆಗೆ ಯಾರ ಹೊಲಕ್ಕೆ ಹೋಗಿದ್ದಿರಿ ಎಂದು ನೀನು ನಿನ್ನೆ ಕೇಳಿದೆ. ಹೋಗಿದ್ದೆವು, ಚೆನ್ನಾಗಿ ಉಂಡೆವು ಎಂದೆ. ಅದು ಖರೆ. ಯಾರ ಹೊಲ ಎಂಬುದನ್ನು ಮಾತ್ರ ಹೇಳಲಿಲ್ಲ. ಈಗ ಹೇಳುತ್ತೇನೆ, ಆದರೆ ನಿಮ್ಮವ್ವನಿಗಾಗಲಿ ನನ್ನ ತಮ್ಮ ಉತ್ತಮನಿಗಾಗಲಿ ಹೇಳಬೇಡ.

ಹಬ್ಬದ ತಯಾರಿ ಇಲ್ಲಿ ಬಹಳ ದಿನದಿಂದ ನಡೆದಿತ್ತು. ಕಾಳು, ಸೊಪ್ಪು ಎಲ್ಲ ಕೂಡಿಸಿ ಕುದಿಸುವ ಭಜ್ಜಿಗೆ ಏನೇನು ಹಾಕುತ್ತಾರೆ ಎಂಬುದೇ ಇವಳ ಪಾಠ. ಹಸಿ ತೊಗರಿ, ಅವರೆ, ಮೆಂತ್ಯ, ಗಜ್ಜರಿ, ಹುಣಸೆ, ಎಲ್ಲ ಬಾಯಿಪಾಠ. ಹೊಲದಲ್ಲಿ ಜೋಳದ ದಂಟಿನ ಗುಡಿಸಲು ಕಟ್ಟುತ್ತಾರೆ, ಅಂಬಲಿ ಚೆಲ್ಲುತ್ತ ಹೊಲ ಸುತ್ತುತ್ತಾರೆ ಎಂದು ಹೇಳಿದ್ದಕ್ಕೆ ಮನೆಯಲ್ಲಿ ಹಾಸಿಗೆಯ ಸುತ್ತ ನೀರು ಚೆಲ್ಲಿ ಒಂದು ಸಲ ಬೈಸಿಕೊಂಡಳು ಕೂಡ. ಹಬ್ಬದ ದಿನ ಬೆಳಗಾಗುವುದರೊಳಗೆ ಓಣಿಯಲ್ಲೆಲ್ಲ ಟೆಂಪೊ, ಬುತ್ತಿಯ ಗಂಟು, ಗಡಿಗೆ. ಕೇಶರಬಾಯಿ ಟೆಂಪೊ ಹತ್ತುವಾಗ, ನೀವೂ ಹೊಲಕ್ಕೆ ಹೊರಟಿರಲ್ಲ ಮಾಸ್ತರ ಎಂದು ಕೇಳಿದಳು. ಹೌದ್ರಿ ಎಂದೆ. ಇಲ್ಲ ಎಂದಿದ್ದರೆ ಆ ತುಂಬಿದ ಟೆಂಪೊದಲ್ಲೇ ಮರುಕದಿಂದ ನಮ್ಮನ್ನೂ ಕೂರಿಸಿಕೊಳ್ಳುತ್ತಿದ್ದಳು.

ಈ ಹಬ್ಬದ ರೀತಿ ನಿನಗೆ ಗೊತ್ತು. ಹೊಲ ಇಲ್ಲದವರನ್ನು, ನೌಕರಿಗೆ ಬಂದ ಪರ ಊರವರನ್ನು ಹುಡುಕಿ ಹುಡುಕಿ ಕರೆಯುತ್ತಾರೆ. ತಮ್ಮವರನ್ನು ಮಾತ್ರ ಯಾರೂ ಕರೆಯುವುದಿಲ್ಲ, ತಮ್ಮವರು ಬಂದೇ ಬರುತ್ತಾರೆ. ಈ ವರ್ಷ ಚಿಂಚೋಳಿಗೆ ನಿಮ್ಮವ್ವನ ಹೊಲಕ್ಕೆ, ಬರುವ ವರ್ಷ ಔರಾದಿಗೆ ನಮ್ಮ ಹೊಲಕ್ಕೆ ಎಂದು ಪ್ರತಿ ಸಲ ಗೊತ್ತು ಮಾಡುತ್ತಿದ್ದವಳು ನೀನು. ಎರಡೂ ಕಡೆ ಫೋನು ಮಾಡುತ್ತಿದ್ದವಳೂ ನೀನೇ. ಈ ಸಲ ಉತ್ತಮ ತಿಳಿದುಕೊಂಡ, ಅಣ್ಣ ಮಗಳನ್ನು ಕರೆದುಕೊಂಡು ಅತ್ತೆಯ ಹೊಲಕ್ಕೆ ಹೋಗಿರುತ್ತಾನೆ. ನಿಮ್ಮವ್ವ ಅನುಸೂಯಾಬಾಯಿ ತಿಳಿದುಕೊಂಡರು, ಅಳಿಯ ತಮ್ಮನ ಹೊಲಕ್ಕೆ ಹೋಗಿರುತ್ತಾನೆ. ಓಣಿಯವರು ತಿಳಿದುಕೊಂಡರು, ಮಾಸ್ತರನಿಗೆ ಎರಡೆರಡು ಹೊಲ. ಕರೆಯದೆ ಅತ್ತೆಯ ಮನೆಗೆ ಹೋಗಲಿಕ್ಕೆ ಅಳಿಯನಿಗೆ ಆಗುತ್ತದೆಯೇ? ಔರಾದಿಗೆ ಫೋನು ಮಾಡಬಹುದಿತ್ತು, ನಿಜ. ಆದರೆ ನಮ್ಮಪ್ಪನ ಹೊಲಕ್ಕೆ "ಬರಲೇನು" ಎಂದು ತಮ್ಮನನ್ನು ಕೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ನನ್ನ ಸೊಕ್ಕು ನಿನಗೆ ಹೊಸದಲ್ಲ.

ಹೊತ್ತು ಏರಿತು. ಓಣಿಯಲ್ಲಿ ನಾವಿಬ್ಬರು, ಒಂದೆರಡು ನಾಯಿ. ಇವಳು ಹೊಸ ಫ್ರಾಕು ಹಾಕಿಕೊಂಡು, ಕೊರಳಿಗೆ ನೀರಿನ ಬಾಟಲಿ ನೇತುಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಯಾವಾಗ ಹೋಗುವುದು, ಯಾವಾಗ ಹೋಗುವುದು ಎಂದು ಕೇಳಿ ಕೇಳಿ ಆಮೇಲೆ ಕೇಳುವುದನ್ನೂ ಬಿಟ್ಟಳು. ಅದು ನನಗೆ ತಡೆಯಲಾಗಲಿಲ್ಲ. ಬೈಕಿನ ಮುಂದೆ ಕೂರಿಸಿಕೊಂಡು ಜನವಾಡದ ದಾರಿ ಹಿಡಿದೆ. ಗುಡಿಸಲಾದರೂ ತೋರಿಸಿ, ರೋಡಿನ ಬದಿ ಕೂತು ಬುತ್ತಿ ಉಂಡು ತಿರುಗಿ ಬಂದರಾಯಿತು ಎಂದು.

ಒಂದು ಹೊಲದ ಬದುವಿನ ಹತ್ತಿರ ನಿಂತು ತೋರಿಸುತ್ತಿದ್ದೆ. ಒಳಗಿನಿಂದ ಒಬ್ಬ ಮುದುಕಿ ಅಂಬಲಿಯ ಕೈಯಲ್ಲೇ ಕೂಗಿದಳು. "ಕೂಸಿನ್ನ ಬಿಸಲಾಗ ಯಾಕ ನಿಂದರ್ಸೀರಿ? ಇವತ್ತಿನ ದಿನ ರೋಡಿನ ಮ್ಯಾಲ ನಿಂತ ನೋಡಬಾರದ್ರಿ, ಒಳಗ ಬರ್ರಿ." ಜಿಜಾಬಾಯಿ ಎಂದು ಹೆಸರು. ಯಾರು, ಯಾವ ಊರು ಎಂದು ಕೇಳುವುದಕ್ಕಿಂತ ಮೊದಲೇ ಇಬ್ಬರ ಮುಂದೆಯೂ ಭಜ್ಜಿ, ಸಜ್ಜೆ ರೊಟ್ಟಿ, ಎಳ್ಳಿನ ಹೋಳಿಗೆ ಬಂದವು. ಮಾಯಾ ಭಜ್ಜಿಯಲ್ಲಿ ಕೈಯಾಡಿಸಿ ಒಂದೊಂದನ್ನು ಹೆಸರು ಹಿಡಿದು ಕರೆದಳು, ಅವರೆಲ್ಲ ಬೆರಗಾದರು. ಕೂಸಿನ ಅವ್ವ ಎಲ್ಲಿ ಎಂದು ಕೇಳಿದರು. ಪೊಲೀಸ್ ಟ್ರೇನಿಂಗಿನಲ್ಲಿದ್ದಾಳೆ ಎಂದೆ. ಜಿಜಾಬಾಯಿ ಎದ್ದು ನಿಂತು ಪಕ್ಕದ ಹೊಲದವರಿಗೂ ಕೂಗಿ ಹೇಳಿದಳು, ತನ್ನ ಮಗಳೇ ಫೌಜದಾರಳಾದಂತೆ. ಇವಳು ಎಲ್ಲರಿಗೂ ಎಡಗೈಯ ಸೆಲ್ಯೂಟ್ ಹೊಡೆದಳು. ನೀನು ಇರಬೇಕಾಗಿತ್ತು.

ಮರುದಿನ ನಿಮ್ಮವ್ವ ಫೋನು ಮಾಡಿ, ಉತ್ತಮನ ಹೊಲದಲ್ಲಿ ಭಜ್ಜಿ ಛಲೋ ಆಗಿತ್ತೇ ಎಂದು ಕೇಳಿದರು. ಛಲೋ ಆಗಿತ್ತು ಎಂದೆ. ಸಂಜೆ ಉತ್ತಮ ಫೋನು ಮಾಡಿ, ಅತ್ತೆಯ ಕೈ ಅಡುಗೆ ಹೊಟ್ಟೆ ತುಂಬ ಉಂಡೆಯಾ ಎಂದು ಕೇಳಿದ. ಉಂಡೆ ಎಂದೆ. ಇಬ್ಬರದೂ ಒಳ್ಳೆಯ ಮನಸ್ಸು, ಯಾರ ಮೇಲೆ ಸಿಟ್ಟಾಗಲಿ?

ಮಾಯಾ ಮಗ್ಗಲು ಬದಲಿಸುತ್ತಿದ್ದಾಳೆ, ಇನ್ನು ಏಳುತ್ತಾಳೆ. ನಿನ್ನ ಸಂಗಡದ ಹುಡುಗಿಯರಿಗೆಲ್ಲ ನನ್ನ ನಮಸ್ಕಾರ ಹೇಳು. ಸಿಟ್ಟಿನಲ್ಲಿ ಯಾವ ಅರ್ಜಿಯನ್ನೂ ಬರೆದುಕೊಡಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬುದ್ಧ, ಧಮ್ಮ, ಸಂಘ ಮೂರರ ಕಾವಲೂ ನಿನ್ನ ಮೇಲಿರಲಿ, ನಿನ್ನ ಕಾಲಿಗೆ ಬಲ ಬರಲಿ. ಇಲ್ಲಿ ಎಲ್ಲ ನೆಟ್ಟಗಿದೆ.

ನಿನ್ನ,
ಅನೀಲಕುಮಾರ

ತಾ. ಕ.: ಮಂಗಳವಾರ. ಲಕೋಟೆಗೆ ಅಂಟು ಹಚ್ಚುವ ಮೊದಲು ಇನ್ನೊಮ್ಮೆ ಓದಿದೆ. ಕಾಯಿಪಲ್ಲೆ ತೆಗೆದುಕೊಂಡು ಬಂದರೆ ನನಗೂ ನೀರು ಕೊಡುತ್ತಾಳೆ ಎಂದು ಬರೆದದ್ದು ಸುಳ್ಳು. ಕೊಡುವುದಿಲ್ಲ. ನಾನು ಬಂದರೆ ನೆಟ್ಟಗೆ ಚೀಲದಲ್ಲಿ ಕೈ ಹಾಕುತ್ತಾಳೆ, ಅಷ್ಟೇ. ನೀರು ಹೊರಗಿನವರಿಗೆ. ದೀಪಾವಳಿಯ ದಿನ ನೀನು ನಕ್ಕು ಕುಡಿಯುವಾಗ ನನಗೂ ಅದು ತಿಳಿದಿತ್ತು. ನನ್ನ ಮುಖ ನಿನಗೆ ಕಾಣಬಾರದೆಂದು ಒಳಗೆ ಹೋಗಿ ಚಹಾಕ್ಕೆ ಇಟ್ಟೆ.

ಆದರೆ ಮೊನ್ನೆ ಆ ಹೊಲದಲ್ಲಿ ನನಗೂ ಕೊಟ್ಟಳು. ಊಟ ಆದ ಮೇಲೆ ಗಾಡಿಯನ್ನು ನೆರಳಿಗೆ ಹಚ್ಚಿ ಬರಲೆಂದು ಹೋಗಿದ್ದೆ. ತಿರುಗಿ ಬರುವಾಗ ಇವಳು ಗುಡಿಸಲಿನಲ್ಲಿ ಜಿಜಾಬಾಯಿಯ ಮಂದಿಯ ನಡುವೆ, ಯಾರದೋ ತೊಡೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿದಳು. ಎದ್ದು, ಅವರ ಗಡಿಗೆಯಿಂದ ನೀರು ತುಂಬಿಸಿಕೊಂಡು, ಎರಡೂ ಕೈಯಲ್ಲಿ ಗಿಲಾಸು ಹಿಡಿದು, ಅರ್ಧ ಚೆಲ್ಲುತ್ತ ನನ್ನ ಮುಂದೆ ಬಂದು ನಿಂತಳು. ಎಷ್ಟು ಶಾಣೇ ಕೂಸು ಎಂದು ಹೆಂಗಸರೆಲ್ಲ ಹೊಗಳಿದರು. ನಾನೂ ನಿನ್ನ ಹಾಗೆಯೇ ನಕ್ಕು ಕುಡಿದೆ. ಮಂದಿ ತುಂಬಿದ ಒಂದು ಮನೆ ಅರ್ಧ ದಿನ ಸಿಕ್ಕಿತ್ತು ಅವಳಿಗೆ, ಅದರೊಳಗೆ ನಾನು ಹೊರಗಿನಿಂದ ಬಂದವನು. ಅಲ್ಲಿಂದ ಹೊರಟಾಗ ಬಹಳ ಅತ್ತಳು.

ಮನೆಗೆ ಬಂದಾಗ ಓಣಿಯವರು ಯಾರೂ ಇನ್ನೂ ಬಂದಿರಲಿಲ್ಲ. ಕೀಲಿ ತೆಗೆದು ಒಳಗೆ ಹೋದೆ, ಲೈಟು ಹಾಕಿದೆ. ತಿರುಗಿ ನೋಡಿದರೆ ಇವಳು ಹೊಸ್ತಿಲ ಹೊರಗೇ ನಿಂತಿದ್ದಾಳೆ. ಚಪ್ಪಲಿ ಸಹ ಬಿಟ್ಟಿಲ್ಲ.

"ಯಾಕ ನಿಂತಿ? ಒಳಗ ಬಾ."

"ನನಗ ನೀರ್ ಯಾರ್ ಕೊಡ್ತಾರ?" ಎಂದಳು.

ತಂದುಕೊಟ್ಟೆ. ಕುಡಿದು ಒಳಗೆ ಬಂದಳು. ಅವಳು ನಿನ್ನನ್ನು ಮರೆತಿಲ್ಲ, ವಿಶಾಖಾ. ಈ ಮನೆಯಲ್ಲಿ ಮನೆಯವರು ಯಾರು ಎಂಬುದು ಅವಳಿಗೂ ತಿಳಿಯದಾಗಿದೆ, ನನಗೂ ತಿಳಿಯದಾಗಿದೆ. ಆದರೂ ನಾನು ಹೂಂ ಅನ್ನುವುದಿಲ್ಲ. ಪರೇಡ್ ಮುಗಿಸಿಕೊಂಡೇ ಬಾ. ಬಂದ ದಿನ ಮಾತ್ರ ಅವಳು ನೀರು ತರಲಿ ಎಂದು ಕಾಯುತ್ತ ಕೂಡಬೇಡ. ಬೂಟು ಬಿಚ್ಚಿ ನೆಟ್ಟಗೆ ಅಡುಗೆಮನೆಗೆ ಹೋಗು, ಕೊಡದಿಂದ ಎರಡು ಗಿಲಾಸು ತುಂಬಿಕೊಂಡು ಬಾ. ನಾವಿಬ್ಬರೂ ಹೊಸ್ತಿಲ ಹೊರಗೆ ನಿಂತಿರುತ್ತೇವೆ.